ಆಡು ಮತ್ತು ಉಡಿದಾರ
ನೈರೋಬಿಯ ಅಪ್ಪರ್ ಹಿಲ್‌ನ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ, ಕಿಕುಯು ಜನಾಂಗದ ಗೆಳೆಯ ತನ್ನ ಆರು ವರ್ಷದ ಮಗನನ್ನು ಫೋನಿನಲ್ಲಿ ‘ಬಾಬಾ’ ಎಂದು ಕರೆಯುತ್ತಾನೆ. ಬಾಬಾ ಎಂದರೆ ಅಪ್ಪ. ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವುದು ಅವರ ಪದ್ಧತಿ. ಕುಂದಾಪುರ ಕಡೆಯವಳಾದ ನನಗೆ ಇದು ಹೊಸತಲ್ಲ, ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನಿಂದ ತಿಳಿದ ‘ಇತುವಿಕ’.

ಹಿಂದೆ ಕಿಕುಯು ಗಂಡಸರು ಮೈನಾ, ಮ್ವಾಂಗಿ ಎಂಬ ಎರಡು ಪೀಳಿಗೆಗಳಲ್ಲಿ ಹಂಚಿಹೋಗಿದ್ದರು. ಮೈನಾದವನ ಮಗ ಮ್ವಾಂಗಿ, ಅವನ ಮಗ ಮತ್ತೆ ಮೈನಾ. ಮಕ್ಕಳ ಪೀಳಿಗೆ ಬಲಿತಾಗ ಆಡುಗಳನ್ನು ಕೂಡಿಸಿ ಅಪ್ಪಂದಿರ ಪೀಳಿಗೆಗೆ ಸಲ್ಲಿಸುತ್ತಿತ್ತು. ಅಪ್ಪಂದಿರು ಬದುಕಿದ್ದಾಗಲೇ ಯಜಮಾನಿಕೆ ಬಿಟ್ಟು ಸರಿಯುತ್ತಿದ್ದರು. ಈ ಹಸ್ತಾಂತರವೇ ಇತುವಿಕ. ಜೋಮೊ ಕೆನ್ಯಾಟ 1938ರ ‘ಫೇಸಿಂಗ್ ಮೌಂಟ್ ಕೆನ್ಯಾ’ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. 1920ರ ದಶಕದಲ್ಲಿ ಆಗಬೇಕಿದ್ದ ಹಸ್ತಾಂತರವನ್ನು ವಸಾಹತು ಸರ್ಕಾರ ಪೂರ್ತಿಯಾಗಲು ಬಿಡಲಿಲ್ಲ. ಸಾವನ್ನು ಕಾಯದೆ ಮಗ ದೊಡ್ಡವನಾಗುವ ಈ ಏರ್ಪಾಡು ನನಗೆ ಬಹಳ ದೊಡ್ಡದೆನಿಸುತ್ತದೆ.

ನಮ್ಮೂರಿನ ನಾಡವ ಸಮುದಾಯದ ಮನೆಗಳಲ್ಲಾದರೋ ಅಪ್ಪನಿಂದ ಮಗನಿಗೆ ಆಸ್ತಿ ಇಳಿಯುತ್ತಿರಲಿಲ್ಲ. ಭೂತಾಳ ಪಾಂಡ್ಯ ರಾಜನ ಕಟ್ಟು ಎಂದು ಹೇಳಿಕೊಂಡು ಬಂದ ಅಳಿಯಸಂತಾನದಲ್ಲಿ ಗದ್ದೆ, ಮನೆ ಎಲ್ಲವೂ ತಾಯಿಯ ಕುಟುಂಬದ್ದು. ಬೆಳೆದ ಗಂಡು ಎದುರು ನಿಂತು ವಾದಿಸಬೇಕಿದ್ದದ್ದು ಸೋದರಮಾವನ ಜೊತೆ. ಅಪ್ಪ ಸ್ವಂತ ದುಡಿದದ್ದು ಕೂಡ, ಅವನು ಸತ್ತರೆ, ಅವನ ಮೂಲಮನೆಗೇ ಹೋಗುತ್ತಿತ್ತು. ಮಕ್ಕಳಿಗೆ ಕೊಡುವುದಿದ್ದರೆ ಉಸಿರಿರುವಾಗಲೇ ಕೊಡಬೇಕು. ಪಾಲಿನ ಜಗಳವಿಲ್ಲದ ಕಾರಣ ಅಪ್ಪ ಮಕ್ಕಳ ನಡುವೆ ಪ್ರೀತಿಗೆ ಜಾಗ ಹೆಚ್ಚಿತ್ತೆಂದು ಅಮ್ಮ ಹೇಳುವುದುಂಟು. ನಾನು ನಂಬುತ್ತೇನೆ.

1948ರಲ್ಲಿ ಅಮ್ಮನ ಅಣ್ಣ ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೊರಟರು. ಅವರ ಅಪ್ಪ, ನನ್ನ ಅಜ್ಜಯ್ಯ, ತಮ್ಮ ಮೂಲಮನೆಯಿಂದ ನಡೆದು ಬಂದು, ಅಕ್ಕಿ ವ್ಯಾಪಾರದ ದುಡ್ಡಿನಲ್ಲಿ ಮಾಡಿಸಿಕೊಂಡಿದ್ದ ಬೆಳ್ಳಿ ಉಡಿದಾರವನ್ನು ಜಗಲಿಯ ಮೇಲೆ ಎಲ್ಲರೆದುರೇ ಸೊಂಟದಿಂದ ಬಿಚ್ಚಿದರಂತೆ. “ನಾ ಸತ್ ಮೇಲೆ ಇದ್ ನಿಂದಲ್ಲ ಮಗಾ, ಈಗ್ಳೇ ತಕೋ.”

ಮರುವರ್ಷವೇ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ. ಹಳೆಯ ಕಟ್ಟು ಸಡಿಲವಾಯಿತು. ಮಾವ ಆ ಉಡಿದಾರವನ್ನು ಕಷ್ಟಕಾಲದಲ್ಲೂ ಅಡವಿಡಲಿಲ್ಲ. ಮುದುಕರಾಗುವ ಮುಂಚೆಯೇ ಮಗನ ಸೊಂಟಕ್ಕೆ ಕಟ್ಟಿದರು.