ಶಾಲೆಗೆ ಮೊದಲಿನ ವರ್ಷಗಳು: ಮಕ್ಕಳ ಪಾಲನೆಯ ನಾಲ್ಕು ವ್ಯವಸ್ಥೆಗಳು

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ಚರ್ಚೆ ಒಂದನೇ ತರಗತಿಯ ಹೊಸ್ತಿಲಲ್ಲಿ ಆರಂಭವಾಗುತ್ತದೆ. ಆದರೆ ಆ ತೀರ್ಮಾನದ ಬಹುಪಾಲು ಅದಕ್ಕೂ ಮೊದಲೇ, ಹಗಲು ಹೊತ್ತು ಮಗುವನ್ನು ಎಲ್ಲಿ ಬಿಡಬೇಕೆಂದು ಯೋಚಿಸುವಾಗಲೇ, ನಮಗರಿವಿಲ್ಲದಂತೆ ಆಗಿರುತ್ತದೆ. ಆದುದರಿಂದ ನಮ್ಮ ಮುಂದಿರುವ ವ್ಯವಸ್ಥೆಗಳನ್ನು ಆರೈಕೆ ಮತ್ತು ಭಾಷೆ ಎಂಬ ಎರಡು ನೆಲೆಗಳಿಂದ ಹೋಲಿಸಿ ನೋಡುವುದು ಉಚಿತ.

ಮನೆಯ ಪಾಲನೆ

ಅಜ್ಜ ಅಜ್ಜಿಯರಿರುವ ಮನೆಯಲ್ಲಿ ಮಗುವಿಗೆ ಅಕ್ಕರೆಗೂ ಕತೆಗೂ ಕೊರತೆಯಿಲ್ಲ. ಆದರೆ ನಮ್ಮಲ್ಲಿ ಮನೆಮಾತು ಅನೇಕರಿಗೆ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಶಾಲೆಯ ಕನ್ನಡವು ಕಲಿತು ಬರಬೇಕಾದ ಭಾಷೆ. ಮನೆಮಾತು ಗಟ್ಟಿಯಾದಷ್ಟೂ ಕನ್ನಡದ ಕಲಿಕೆ ಸುಲಭ. ಅದರ ಜೊತೆಗೆ ದಿನಕ್ಕೊಂದು ಕನ್ನಡ ಕತೆ, ಹಾಡು ಕಿವಿಗೆ ಬೀಳಬೇಕು. ಓರಗೆಯ ಮಕ್ಕಳ ಒಡನಾಟ ದೊರೆಯದಿರುವುದು, ವೃದ್ಧರ ದೇಹಶಕ್ತಿ ಸಾಲದಿರುವುದು ಈ ವ್ಯವಸ್ಥೆಯ ಮಿತಿಗಳು.

ಅಂಗನವಾಡಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ 1975ರ ಅಕ್ಟೋಬರ್ 2ರಂದು ಆರಂಭವಾದ ವ್ಯವಸ್ಥೆಯಿದು. 6 ತಿಂಗಳಿನಿಂದ 3 ವರ್ಷದವರೆಗಿನ ಮಕ್ಕಳಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ದೊರೆಯುತ್ತದೆ. ಕೇರಳದಲ್ಲಿ ಇದು ಕುಟುಂಬಶ್ರೀ ಘಟಕಗಳು ತಯಾರಿಸುವ ಅಮೃತಂ ಪುಡಿ. 3ರಿಂದ 6 ವರ್ಷದವರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಮತ್ತು ಶಾಲಾಪೂರ್ವ ಶಿಕ್ಷಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪೌಷ್ಟಿಕ ಆಹಾರ ಮಗುವಿನ ಹಕ್ಕು. ಮನೆಯಲ್ಲೇ ಬೆಳೆಯುವ ಮಗುವಿಗೂ ಇಲ್ಲಿ ತೂಕ ನೋಡಿಸುವ, ಚುಚ್ಚುಮದ್ದಿನ ಮಾಹಿತಿ ಪಡೆಯುವ ಅವಕಾಶವಿದೆ. ಇಲ್ಲಿ ಶುಲ್ಕವಿಲ್ಲ, ಮನೆಯಿಂದ ದೂರವೂ ಇರುವುದಿಲ್ಲ. ಆದರೆ ಟೀಚರ್ ಆಡುವ ಭಾಷೆಯೇ ಅಂಗನವಾಡಿಯ ಭಾಷೆಯಾಗಿಬಿಡುತ್ತದೆ.

ಶಿಶುಪಾಲನಾ ಕೇಂದ್ರ

ಮೂರು ವರ್ಷ ತುಂಬದ ಮಗುವಿನ ತಾಯಿ ದುಡಿಯಲು ಹೋಗುವಾಗ ಬೇಕಾಗುವ ಆಸರೆಯಿದು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಇದನ್ನು ಕಡ್ಡಾಯಗೊಳಿಸಿತು. ತಾಯಿ ದಿನಕ್ಕೆ 4 ಬಾರಿ ಮಗುವನ್ನು ನೋಡಿ ಬರಬಹುದೆಂದೂ ವಿಧಿಸಿತು. ಆದರೆ ಮನೆಯಲ್ಲಿ ಬೀಡಿ ಕಟ್ಟುವ, ಅಡಿಕೆ ತೋಟದಲ್ಲಿ ಕೂಲಿ ಮಾಡುವ ತಾಯಂದಿರಿಗೆ ಈ ನಿಯಮ ನೆರವಾಗುವುದು ಕಡಿಮೆ. ಅವರಿಗೆ ನೆರೆಮನೆಯೇ ಆಸರೆ.

ಪೂರ್ವ ಪ್ರಾಥಮಿಕ ತರಗತಿ

ಇದರಲ್ಲಿ ಎರಡು ಬಗೆ. ಒಂದು, ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೊಂದಿಕೊಂಡು, ಅನೇಕ ಕಡೆ ರಕ್ಷಕ ಶಿಕ್ಷಕ ಸಂಘವೇ ನಡೆಸುವ ತರಗತಿ. ಕನ್ನಡ ಶಾಲೆಯ ಆವರಣದಲ್ಲಿದ್ದರೆ ಮಗು ಅದೇ ಅಂಗಳದಿಂದ ಒಂದನೇ ತರಗತಿಗೆ ದಾಟುತ್ತದೆ. ಇನ್ನೊಂದು, ಖಾಸಗಿ ಎಲ್‌ಕೆಜಿ, ಯುಕೆಜಿ. ಇಲ್ಲಿ ವಾಹನ, ಸಮವಸ್ತ್ರದ ಅನುಕೂಲವಿದ್ದರೂ ಶುಲ್ಕದ ಹೊರೆಯಿದೆ. ಅಲ್ಲಿ ಇಂಗ್ಲಿಷಿಗೆ ಒಗ್ಗಿದ ಮಗುವನ್ನು ಮರಳಿ ಕನ್ನಡ ಶಾಲೆಗೆ ತರಲು ಹೆತ್ತವರಿಗೆ ಮನಸ್ಸಾಗುವುದು ವಿರಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ವಯಸ್ಸಿನ ಕಲಿಕೆಗೆ ಆಟವನ್ನೇ ಆಧಾರವಾಗಿಸಿದೆ. ಮೂರರ ಹರೆಯದ ಮಗುವಿಗೆ ಬರೆಯುವ ಒತ್ತಡ ಸಲ್ಲದು.

ಗಮನಿಸಬೇಕಾದ ಅಂಶ

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದ ಬಗ್ಗೆ ಮಾತ್ರ ಹೇಳುತ್ತದೆ. ಅಂಗನವಾಡಿಯಾದರೋ ಶಿಕ್ಷಣ ಇಲಾಖೆಯದಲ್ಲ, ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯದು. ಹಾಗಾಗಿ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಹೋರಾಡುವ ನಾವು, ಅಂಗನವಾಡಿಯಲ್ಲಿ ಕನ್ನಡ ಬಲ್ಲ ಟೀಚರ್ ಇದ್ದಾರೆಯೇ ಎಂದು ಕೇಳಲು ಮರೆಯುತ್ತೇವೆ. ಕೊರತೆಯಿದ್ದರೆ ಹೆತ್ತವರು ಒಟ್ಟಾಗಿ ವಾರ್ಡ್ ಸದಸ್ಯರಿಗೂ ಇಲಾಖೆಗೂ ಲಿಖಿತ ಮನವಿ ಸಲ್ಲಿಸಬೇಕು.

ಮಗುವನ್ನು ಎಲ್ಲಿ ಸೇರಿಸುವ ಮುನ್ನವೂ ಒಂದು ದಿನ ಅಲ್ಲಿ ಕುಳಿತು ನೋಡುವುದು ಲೇಸು. ನೀರು, ಶೌಚಾಲಯ, ಆವರಣ ಗೋಡೆ ಸರಿಯಿವೆಯೇ? ಒಬ್ಬರ ಪಾಲಿಗೆ ಎಷ್ಟು ಮಕ್ಕಳು? ಅತ್ತ ಮಗುವನ್ನು ಯಾರು, ಯಾವ ಮಾತಿನಲ್ಲಿ ಸಂತೈಸುತ್ತಾರೆ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಆರೈಕೆಯೂ ಭಾಷೆಯೂ ಒಟ್ಟಿಗೆ ತಿಳಿದುಬರುತ್ತವೆ.