ಸಾಧನಗಳ ಮೆಮೊರಿಗೆ ಕಾವಲು

ಯಂತ್ರದ ಭೌತಿಕ ಮೆಮೊರಿಯನ್ನೂ ಒಂದು ಕಡತವೆಂದೇ ಭಾವಿಸಿ, ಯಾವ ಬೈಟನ್ನಾದರೂ ಅದರ ವಿಳಾಸದಿಂದ ಓದಲು, ಬರೆಯಲು ಬರುವಂತೆ ‘ಡೆವ್ ಮೆಮ್’ ಎಂಬ ಹೆಸರಿನಲ್ಲಿ ತೆರೆದಿಟ್ಟದ್ದು 1970ರ ದಶಕದ ಯೂನಿಕ್ಸ್. ಅದು ಬೆಳೆದ ಪಿಡಿಪಿ–11 ಯಂತ್ರದಲ್ಲಿ ಸಾಧನಗಳ ರಿಜಿಸ್ಟರುಗಳಿಗೆ ಬೇರೆ ಆಜ್ಞೆಗಳೆಂಬುವು ಇರದೆ, ವಿಳಾಸಗಳ ಮೇಲ್ತುದಿಯಲ್ಲಿಯೇ ಅವಕ್ಕೂ ಸ್ಥಾನ ಕಲ್ಪಿತವಾಗಿದ್ದುದರಿಂದ, ಮೆಮೊರಿಯನ್ನು ಮುಟ್ಟಬಲ್ಲವನು ಸಾಧನವನ್ನೂ ಮುಟ್ಟಬಲ್ಲವನಾದನು. ಇದಕ್ಕಿದ್ದ ಕಾವಲು ಕಡತದ ಅನುಮತಿಯೊಂದೇ. ತೆರೆಯುವವನು ಯಾರೆಂಬುದನ್ನು ಕರ್ನೆಲ್ ವಿಚಾರಿಸುತ್ತಿದ್ದಿತೇ ಹೊರತು ಯಾವ ಭಾಗವನ್ನು, ಯಾವಾಗ ಮುಟ್ಟುತ್ತಾನೆಂಬುದನ್ನು ವಿಚಾರಿಸುತ್ತಿರಲಿಲ್ಲ. ಆ ಎರಡು ಪ್ರಶ್ನೆಗಳನ್ನು ಕೇಳಲು ಕಲಿತುದೇ, ನನ್ನ ದೃಷ್ಟಿಯಲ್ಲಿ, ಈ ಕ್ಷೇತ್ರದ ಇತಿಹಾಸ.

1990ರ ದಶಕದ ಲಿನಕ್ಸಿನಲ್ಲಿ ಈ ಔದಾರ್ಯದ ಮುಖ್ಯ ಫಲಾನುಭವಿಯಾಗಿದ್ದುದು ಎಕ್ಸ್‌ಫ್ರೀ86 ಸರ್ವರು. ರೂಟ್ ಅಧಿಕಾರದಿಂದ ನಡೆಯುತ್ತಿದ್ದ ಅದು ‘ಎಂಮ್ಯಾಪ್’ ಕರೆಯ ಮೂಲಕ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ತನ್ನ ವಿಳಾಸಗಳೊಳಕ್ಕೆ ತಂದುಕೊಂಡು, ಕರ್ನೆಲ್ಲಿನ ಮಧ್ಯಸ್ಥಿಕೆಯಿಲ್ಲದೆಯೇ ಕಾರ್ಡನ್ನು ಆಳುತ್ತಿದ್ದಿತು. ಕಿಟಕಿಗಳನ್ನು ಬಿಡಿಸುವ ಪ್ರೋಗ್ರಾಮಿಗೆ ಇಡೀ ಯಂತ್ರವನ್ನು ಒಪ್ಪಿಸುವುದು ಅತಿರೇಕವೇ ಸರಿ. ಪರದೆಯ ವಿನ್ಯಾಸವನ್ನು ಕರ್ನೆಲ್ ತಾನೇ ವಹಿಸಿಕೊಳ್ಳಲಾರಂಭಿಸಿದುದು 2009ರಲ್ಲಿ. ಅಷ್ಟರೊಳಗೆ, 2001ರಷ್ಟು ಹಿಂದೆಯೇ, ಕರ್ನೆಲ್ಲಿನ ಮೆಮೊರಿಯನ್ನು ತೋರುವ ‘ಡೆವ್ ಕೆಮೆಮ್’ ಎಂಬ ಸೋದರ ಕಡತದ ಮೂಲಕ ಓಡುತ್ತಿರುವ ಕರ್ನೆಲ್ಲನ್ನೇ ತಿದ್ದುವ ‘ಸಕಿಟ್’ ಎಂಬ ರೂಟ್‌ಕಿಟ್ ಪ್ರಚಾರಕ್ಕೆ ಬಂದಿದ್ದಿತು.

‘ಯಾವ ಭಾಗವನ್ನು’ ಎಂಬ ಪ್ರಶ್ನೆಯನ್ನು ಲಿನಕ್ಸ್ ಮೊದಲು ಕೇಳಿದುದು 2008ರಲ್ಲಿ. ‘ಸ್ಟ್ರಿಕ್ಟ್ ಡೆವ್‌ಮೆಮ್’ ಎಂಬ ಆಯ್ಕೆ ಎಕ್ಸ್86 ಯಂತ್ರಗಳಲ್ಲಿ ಸಾಧನಗಳ ವಿಳಾಸಗಳನ್ನೂ, ಹಳೆಯ ಪ್ರೋಗ್ರಾಮುಗಳ ಮೇಲಣ ದಾಕ್ಷಿಣ್ಯದಿಂದ ಮೊದಲ ಒಂದು ಮೆಗಾಬೈಟನ್ನೂ ಬಿಟ್ಟುಕೊಟ್ಟು, ಉಳಿದ ರ‍್ಯಾಮನ್ನು ನಿಷೇಧಿಸಿತು. ಆದರೆ ಈ ನಿಷೇಧ ಡೆವ್ ಮೆಮ್ ಒಂದಕ್ಕೇ ಸಲ್ಲತಕ್ಕದ್ದಾಗಿದ್ದಿತು.

ಅದರ ಫಲವನ್ನು 2012ರ ಡಿಸೆಂಬರಿನಲ್ಲಿ ಬಯಲಾದ ಎಕ್ಸಿನೋಸ್ ಪ್ರಕರಣದಲ್ಲಿ ಕಾಣಬಹುದು. ಸ್ಯಾಮ್‌ಸಂಗಿನ ಎಕ್ಸಿನೋಸ್ 4210 ಮತ್ತು 4412 ಪ್ರೊಸೆಸರುಗಳಿದ್ದ ಹಲವು ಫೋನುಗಳಲ್ಲಿ ‘ಎಕ್ಸಿನೋಸ್ ಮೆಮ್’ ಎಂಬ ಸ್ವತಂತ್ರ ಸಾಧನಕಡತವೊಂದಿದ್ದು, ಅದರ ಅನುಮತಿ 0666, ಎಂದರೆ ಸರ್ವರಿಗೂ ಮುಕ್ತ. ಅದನ್ನು ಬಳಸಿಕೊಂಡ ಪ್ರೋಗ್ರಾಮಿನ ಕ್ರಮವನ್ನು ಮೆಚ್ಚದಿರುವುದು ಕಷ್ಟ: ಕರ್ನೆಲ್ಲಿರುವ ಭೌತಿಕ ಮೆಮೊರಿಯನ್ನು ಮ್ಯಾಪ್ ಮಾಡಿಕೊಂಡು, ವಿಳಾಸಗಳನ್ನು ಮರೆಮಾಚಿ ಮುದ್ರಿಸಬೇಕೆಂದು ವಿಧಿಸುವ ‘ಕೆ’ ಎಂಬ ಒಂದಕ್ಷರವನ್ನು ಹುಡುಕಿ ಅಳಿಸಿ, ಹಾಗೆ ಬಹಿರಂಗವಾದ ಕರ್ನೆಲ್ ವಿಳಾಸಗಳ ಪಟ್ಟಿಯಿಂದ ಬಳಕೆದಾರನ ಗುರುತನ್ನು ಬದಲಿಸುವ ಸಿಸ್ಟಂ ಕರೆಯ ಸ್ಥಾನವನ್ನರಿತು, ಅದನ್ನು ತಿದ್ದಿ, ರೂಟ್ ಪದವಿಗೇರುವುದು.

ರ‍್ಯಾಮಿನ ರಕ್ಷಣೆಯಾದರೂ ಸಾಧನಗಳ ಪ್ರದೇಶ ಬಯಲಾಗಿಯೇ ಉಳಿದಿದ್ದಿತು. 2016ರಲ್ಲಿ, ಡ್ರೈವರೊಂದು ತನ್ನದೆಂದು ನಮೂದಿಸಿಕೊಂಡ ವಿಳಾಸಗಳನ್ನು ಬಳಕೆದಾರನ ಪ್ರೋಗ್ರಾಮುಗಳು ಮುಟ್ಟಕೂಡದೆಂಬ ಕಟ್ಟಳೆ ಲಿನಕ್ಸಿನ 4.5 ಆವೃತ್ತಿಯೊಡನೆ ಬಂದಿತು. ಅಲ್ಲಿಯೂ ಒಂದು ಸೂಕ್ಷ್ಮ ಲೋಪ: ಪರೀಕ್ಷೆ ನಡೆಯುತ್ತಿದ್ದುದು ಮ್ಯಾಪ್ ಮಾಡುವ ಗಳಿಗೆಯಲ್ಲಿ ಮಾತ್ರವಾದುದರಿಂದ, ಡ್ರೈವರಿಗಿಂತ ಮೊದಲೇ ಬಂದು ಕುಳಿತ ಪ್ರೋಗ್ರಾಮು ಆಮೇಲೂ ನಿರಾತಂಕವಾಗಿ ಕುಳಿತಿರಬಹುದಾಗಿದ್ದಿತು. ಡ್ರೈವರು ಹಕ್ಕು ಸ್ಥಾಪಿಸಿದೊಡನೆ ಹಳೆಯ ಮ್ಯಾಪುಗಳನ್ನು ಹಿಂತೆಗೆದುಕೊಳ್ಳುವ ಏರ್ಪಾಡಿಗೆ 2020ರ 5.8ರವರೆಗೆ ಕಾಯಬೇಕಾಯಿತು.

ಸಾಧನವನ್ನು ಮುಟ್ಟುವ ನ್ಯಾಯವಾದ ಅಗತ್ಯವುಳ್ಳವರಿಗೆ ದಾರಿ ಬೇಕಲ್ಲವೆ? 2007ರ ಯುಐಓ ಎಂಬ ಕರ್ನೆಲ್ ಏರ್ಪಾಡು ಒಂದೊಂದು ಸಾಧನದ ರಿಜಿಸ್ಟರುಗಳನ್ನಷ್ಟೇ ಪ್ರೋಗ್ರಾಮಿಗೆ ಒಪ್ಪಿಸಿತು. ಆದರೆ ಡಿಎಂಎ ಬಲ್ಲ ಸಾಧನ ತಾನೇ ರ‍್ಯಾಮಿಗೆ ಬರೆಯಬಲ್ಲದಾದುದರಿಂದ, ಪ್ರೋಗ್ರಾಮಿನ ಕೈ ಕಟ್ಟಿದರೂ ಸಾಧನದ ಕೈ ಬಿಚ್ಚಿಯೇ ಇರುತ್ತಿದ್ದಿತು. 2012ರ ವಿಎಫ್‌ಐಓ ಎಂಬ ಏರ್ಪಾಡು ಐಓಎಂಎಂಯು ಯಂತ್ರಾಂಶದ ನೆರವಿನಿಂದ ಸಾಧನದ ವಿಳಾಸಗಳಿಗೂ ಮಿತಿ ಹಾಕಿತು. ಈ ಸರಣಿಯಲ್ಲಿ ನಿಜವಾಗಿ ಹೊಸತಾದ ಚಿಂತನೆ ಇದೊಂದೇ ಎಂದು ನನಗೆ ತೋರುತ್ತದೆ.

2019ರ ‘ಲಾಕ್‌ಡೌನ್’ ಎಂಬ ಕರ್ನೆಲ್ ನಿರ್ಬಂಧ ಜಾರಿಯಲ್ಲಿರುವ ಯಂತ್ರದಲ್ಲಿ ರೂಟ್ ಬಳಕೆದಾರನಿಗೂ ಡೆವ್ ಮೆಮ್ ನಿಷಿದ್ಧ. ಡೆವ್ ಕೆಮೆಮ್ 2021ರಲ್ಲಿ ಕರ್ನೆಲ್ಲಿನಿಂದಲೇ ತೆಗೆಯಲ್ಪಟ್ಟಿತು. ಡೆವ್ ಮೆಮ್ ಮಾತ್ರ ಉಳಿದಿದೆ. ಮದರ್‌ಬೋರ್ಡಿನ ಚಿಪ್ಪಿಗೆ ಹೊಸ ಫರ್ಮ್‌ವೇರ್ ಬರೆಯಲು ಫ್ಲ್ಯಾಶ್‌ರಾಮ್ ಪ್ರೋಗ್ರಾಮನ್ನು ಬಳಸುವವರು ಇಂದಿಗೂ ಎಷ್ಟೋ ಯಂತ್ರಗಳಲ್ಲಿ ‘ಐಓಮೆಮ್ ರಿಲ್ಯಾಕ್ಸ್ಡ್’ ಎಂಬ, 2016ರ ಕಟ್ಟಳೆಯನ್ನು ಸಡಿಲಿಸುವ ಸೂಚನೆಯನ್ನು ಬೂಟ್ ಸಾಲಿಗೆ ಸೇರಿಸಿ, ಯಂತ್ರವನ್ನು ಮರಳಿ ಆರಂಭಿಸಿಕೊಂಡೇ ಕೆಲಸಕ್ಕೆ ತೊಡಗಬೇಕಾಗಿದೆ.