ಅಂಟು: ಜಾಲಿ ಮರದಿಂದ ಮೊಣಕಾಲಿನವರೆಗೆ

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳ ಬದುವಿನಲ್ಲಿ ಕರಿಜಾಲಿ ನಿಂತಿರುತ್ತದೆ. ತೊಗಟೆ ಸೀಳಿದಲ್ಲಿ ಜೇನುಬಣ್ಣದ ಹನಿ ಉಬ್ಬಿ ಬರುತ್ತದೆ, ಬಿಸಿಲಿಗೆ ಗಟ್ಟಿಯಾಗುತ್ತದೆ. ಇದೇ ಅಂಟು. ಕಾಗದ ಹಚ್ಚಲು ಬಾಟಲಿಯಲ್ಲಿ ಇಟ್ಟರೆ ಅದು ಗೋಂದು. ಅಡುಗೆಮನೆಯ ಡಬ್ಬಿಗೆ ಬಂದರೆ ಅಂಟು. ತುಪ್ಪದಲ್ಲಿ ಕರಿದು ಅರಳಿಸಿ, ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟಿದರೆ ಅಂಟಿನ ಉಂಡಿ. "ತಿನ್ನವಾ, ಸ್ವಂಟ ಗಟ್ಟಿ ಆಗತೈತಿ" ಎಂದು ಬಾಣಂತಿಯ ಕೈಗೆ ಕೊಡುತ್ತಾರೆ. ಗೋಕಾಕದ್ದಾಗಲಿ ಅಮೀನಗಡದ್ದಾಗಲಿ, ಕರದಂಟು ಎಂಬ ಹೆಸರನ್ನು ಬಿಡಿಸಿದರೆ ಸಿಗುವುದು ಕರಿದ ಅಂಟು.

ಈ ಪದ ನಾಮವೂ ಹೌದು, ಕ್ರಿಯೆಯೂ ಹೌದು. ಧಾರವಾಡದಲ್ಲೂ ಇದ್ದು ಕೆಲಸ ಮಾಡಿದ ಕಿಟೆಲ್ ಅವರ 1894ರ ನಿಘಂಟಿನಲ್ಲಿ ಮುಟ್ಟು, ತಗುಲು, ಹತ್ತಿಕೊಳ್ಳು, ಜಿಗುಟು ಎಂಬ ಅರ್ಥಗಳೆಲ್ಲ ಇದರ ಸುತ್ತ ನಿಂತಿವೆ. ನೆರೆಯ ತೆಲುಗಿನಲ್ಲಿ ಅಂಟು ಎಂದರೆ ಮುಟ್ಟು, ತಾಗು. ತಮಿಳಿನಲ್ಲಿ ಇದರ ಬಳಗದ 'ಅಂಡು' ಎಂದರೆ ಹತ್ತಿರ ಬರು, ಆಶ್ರಯಿಸು. ಹತ್ತಿರ ಬರುವುದು, ಮುಟ್ಟುವುದು, ಬಿಡದೆ ಹಿಡಿಯುವುದು: ಮೂರು ಭಾಷೆಗಳಲ್ಲಿ ಒಂದೇ ಪದ ಮೂರು ಹೆಜ್ಜೆ ಇಟ್ಟಿದೆ. ಕನ್ನಡದ ಕಿವಿಗೆ ಇವತ್ತು ಮೊದಲು ಕೇಳುವುದು ಕೊನೆಯ ಹೆಜ್ಜೆ. (ನಂಟು ಇದರ ಒಡಹುಟ್ಟಿದ್ದೆಂದು ತೋರುತ್ತದೆ, ಆದರೆ ಅಲ್ಲ. ಅದು ನಣ್ಪಿನ ಮನೆತನದ್ದು.) ಹತ್ತಿರ ಬಂದದ್ದರಿಂದಲೇ ಹರಡುವ ಬೇನೆ ಅಂಟುಜಾಡ್ಯವಾಯಿತು. ಮನುಷ್ಯನ ಹತ್ತಿರ ಮನುಷ್ಯ ಬರುವುದನ್ನೇ ಮೈಲಿಗೆಯೆಂದು ಕರೆದಾಗ ಅಂಟುಮುಟ್ಟು ಎಂಬ ಮಾತು ಹುಟ್ಟಿತು. ಈ ಪದದ ಬಾಳಿನಲ್ಲಿ ಅದಕ್ಕಿಂತ ಕೆಟ್ಟ ಬಳಕೆ ಇನ್ನೊಂದಿಲ್ಲ. ಊರೂರಿನ ಬಾವಿಕಟ್ಟೆಗಳು ಅದನ್ನು ಕಂಡಿವೆ.

ಈಗ ಇದೇ ಪದ ಜೀವಕೋಶಗಳ ಬಳಿ ಬಂದಿದೆ. ಕುಂದಗೋಳದಲ್ಲೋ ಕಲಘಟಗಿಯಲ್ಲೋ ವಯಸ್ಸಾದವರು "ಮಣಕಾಲಾಗಿನ ಗಾದಿ ಸವದೈತಿ" ಎನ್ನುತ್ತಾರಲ್ಲ, ಆ ಗಾದಿಯೇ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ಸವೆದರೆ ತಾನಾಗಿ ಸರಿಹೋಗುವುದು ತೀರ ಕಡಿಮೆ. ಹಾಗಾಗಿ ಅದನ್ನು ಹೊರಗೆ ಬೆಳೆಸಿ ಕೀಲಿಗೆ ಹಾಕುವ ಪ್ರಯತ್ನ ನಡೆದಿದೆ. ಆ ಪ್ರಯತ್ನದ ಕಗ್ಗಂಟು ಅಂಟಿನಲ್ಲಿದೆ.

ಭ್ರೂಣದಲ್ಲಿ ಮೃದ್ವಸ್ಥಿ ಹುಟ್ಟುವ ಮುನ್ನ, ಚದುರಿದ್ದ ಕೋಶಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ. ಎನ್-ಕ್ಯಾಡ್‌ಹೆರಿನ್‌ನಂಥ ಪ್ರೋಟೀನುಗಳಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ರಾಮ್‌ರೇ ಭಟ್, ನ್ಯೂಯಾರ್ಕಿನ ಸ್ಟುವರ್ಟ್ ನ್ಯೂಮನ್ ಮತ್ತು ಸಂಗಡಿಗರ ಜೊತೆ 2011ರಲ್ಲಿ ಕೋಳಿಮರಿಯ ಭ್ರೂಣದ ಕಾಲು-ರೆಕ್ಕೆಗಳ ಕೋಶಗಳಲ್ಲಿ ಇದನ್ನು ತೋರಿಸಿದರು: ಗ್ಯಾಲೆಕ್ಟಿನ್ ಎಂಬ ಬಗೆಯ ಎರಡು ಪ್ರೋಟೀನುಗಳಲ್ಲಿ ಒಂದು ಗುಂಪುಗೂಡಿಸುತ್ತದೆ, ಇನ್ನೊಂದು ತಡೆಯುತ್ತದೆ. ಎಲ್ಲಿ ಎಲುಬಿನ ಅಚ್ಚು, ಎಲ್ಲಿ ನಡುವಿನ ತೆರಪು ಎಂಬುದು ಈ ಎಳೆದಾಟದಲ್ಲಿ ಮೂಡುತ್ತದೆ. ಗ್ಯಾಲೆಕ್ಟಿನ್ ಹಿಡಿಯುವುದು ಗ್ಯಾಲಕ್ಟೋಸ್ ಇರುವ ಸಕ್ಕರೆಯ ಎಳೆಗಳನ್ನು. ಜಾಲಿಯ ಅಂಟಿನ ಮುಖ್ಯ ಸರಪಳಿಯೂ ಗ್ಯಾಲಕ್ಟೋಸಿನದೇ. ಇದನ್ನು ಓದಿ ಉಂಡಿ ತಿಂದರೆ ಗಾದಿ ಬೆಳೆಯುತ್ತದೆಂದು ಯಾರೂ ತಿಳಿಯಬಾರದು. ತಿಂದ ಅಂಟು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಮೊಣಕಾಲಿಗೆ ಹೋಗುವುದಿಲ್ಲ. ಆದರೂ ಮರವೂ ಮೈಯೂ ಒಂದೇ ಸಕ್ಕರೆಯನ್ನು ಈ ಕೆಲಸಕ್ಕೆ ಹಚ್ಚಿರುವುದು ನನಗೆ ದೊಡ್ಡ ಬೆರಗು.

ಗುಂಪುಗೂಡಿದ ಕೋಶಗಳು ಹಾಗೇ ಉಳಿಯುವುದಿಲ್ಲ. ಹಿಡಿತ ಸಡಿಲಿಸಿ, ಸುತ್ತ ಕೊಲಾಜನ್ ಎಂಬ ಪ್ರೋಟೀನಿನ ಎರಡನೇ ಬಗೆಯನ್ನು ನೆಯ್ದುಕೊಂಡು, ಒಂದೊಂದೂ ತನ್ನ ಗೂಡಿನಲ್ಲಿ ದುಂಡಗೆ ಕೂರುತ್ತವೆ. ಸಡಿಲಿಸದಿದ್ದರೆ ಮೃದ್ವಸ್ಥಿ ಮಾಗುವುದಿಲ್ಲ.

ಪ್ರಯೋಗಾಲಯದಲ್ಲಿ ಆದದ್ದೂ ಇದೇ. 1994ರಲ್ಲಿ ಸ್ವೀಡನ್ನಿನ ಮ್ಯಾಟ್ಸ್ ಬ್ರಿಟ್‌ಬರ್ಗ್ ಮತ್ತು ಸಂಗಡಿಗರು 23 ರೋಗಿಗಳಿಗೆ ಅವರದೇ ಮೃದ್ವಸ್ಥಿಯ ಕೋಶಗಳನ್ನು ಹೊರಗೆ ಬೆಳೆಸಿ ಮೊಣಕಾಲಿಗೆ ಹಾಕಿದ ವರದಿ ಪ್ರಕಟಿಸಿದರು. ಕೋಶಗಳ ಸಂಖ್ಯೆ ಹೆಚ್ಚಿಸಲು ಅವನ್ನು ತಟ್ಟೆಯ ಮೇಲೆ ಬೆಳೆಸಬೇಕು. ತಟ್ಟೆಗೆ ಗಟ್ಟಿಯಾಗಿ ಅಂಟಿದ ಕೋಶ ಚಪ್ಪಟೆಯಾಗುತ್ತದೆ, ಎರಡನೇ ಬಗೆಯ ಕೊಲಾಜನ್ ಬಿಟ್ಟು ಚರ್ಮದಲ್ಲಿ ಹೆಚ್ಚಿರುವ ಮೊದಲನೇ ಬಗೆಯದನ್ನು ಮಾಡತೊಡಗುತ್ತದೆ. ತನ್ನ ಕಸುಬನ್ನೇ ಅದು ಮರೆಯುತ್ತದೆ. 1982ರಲ್ಲಿ ಬೆನ್ಯಾ ಮತ್ತು ಶಾಫರ್ ಇಂಥ ಕೋಶಗಳನ್ನು ಅಗರೋಸ್ ಜೆಲ್ಲಿನೊಳಗೆ ಇಟ್ಟರು. ಅಗರೋಸ್ ಕೆಂಪು ಕಡಲಪಾಚಿಯಿಂದ ತೆಗೆದದ್ದು, ಅದರಲ್ಲೂ ಗ್ಯಾಲಕ್ಟೋಸ್ ಇದೆ, ಆದರೆ ಕೋಶಕ್ಕೆ ಕಾಲೂರಲು ಅಲ್ಲಿ ಹಿಡಿತವಿಲ್ಲ. ಕೋಶಗಳು ಮತ್ತೆ ದುಂಡಗಾದವು, ಮತ್ತೆ ಎರಡನೇ ಬಗೆಯ ಕೊಲಾಜನ್ ಮಾಡಿದವು.

ಹಾಗಾದರೆ ಅಂಟು ಬೇಡವೇ? ಬೇಕು. 1984ರಲ್ಲಿ ಪಿಯರ್‌ಶ್‌ಬ್ಯಾಕರ್ ಮತ್ತು ರುಓಸ್ಲಾಟಿ ಗುರುತಿಸಿದ ಅರ್ಜಿನೈನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರರ ಸಾಲು ಕೋಶ ಹಿಡಿದು ನಿಲ್ಲುವ ಗೂಟ. ಮೃದ್ವಸ್ಥಿಯಾಗಬಲ್ಲ ಕಾಂಡಕೋಶಗಳನ್ನು ಬರಿಯ ಜೆಲ್ಲಿನಲ್ಲಿ ಹುದುಗಿಸಿದರೆ ಹಿಡಿಯಲು ಏನೂ ಸಿಗದೆ ಬಹಳಷ್ಟು ಸಾಯಬಹುದು, ಗೂಟವಿದ್ದರೆ ಬದುಕುತ್ತವೆ. ಆದರೆ ಕೊನೆವರೆಗೂ ಗೂಟ ಉಳಿದರೆ ಮೃದ್ವಸ್ಥಿಯಾಗಲು ಅದೇ ಅಡ್ಡಿ: 2007ರಲ್ಲಿ ಕಾನೆಲಿ ಮತ್ತು ಸಂಗಡಿಗರು ಆಲ್ಜಿನೇಟ್ ಜೆಲ್ಲಿನಲ್ಲಿ ಇದನ್ನು ತೋರಿಸಿದರು. ಮರುವರ್ಷ ಸಲಿನಾಸ್ ಮತ್ತು ಆನ್ಸೆತ್ ಬೇರೊಂದು ಜೆಲ್ಲಿನಲ್ಲಿ, ಕೋಶಗಳೇ ಮಾಗುವ ಹಾದಿಯಲ್ಲಿ ಸ್ರವಿಸುವ ಕಿಣ್ವ ಕತ್ತರಿಸಿಹಾಕುವಂಥ ಗೂಟ ಹೊಂದಿಸಿದರು. ಮೊದಲು ಹಿಡಿತ, ಆಮೇಲೆ ಬಿಡುಗಡೆ. ಮೃದ್ವಸ್ಥಿಯ ಲಕ್ಷಣಗಳು ಅಲ್ಲಿ ಹೆಚ್ಚಿದವು.

ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರು ಕೋಶಗಳ ಈ ಹಿಡಿತಕ್ಕೆ ಸಂಸ್ಕೃತದ ಬಿಗಿ ಪದಗಳನ್ನು ಹುಡುಕುತ್ತಾರೆ. ಕೋಶಗಳ ಅಂಟು ಎಂದೇ ಬರೆಯಬೇಕೆಂಬುದು ನನ್ನ ಆಸೆ, ಬರೀ ಜಿಗುಟಿನ ಅರ್ಥದಲ್ಲಲ್ಲ. ತಮಿಳು ಉಳಿಸಿಕೊಂಡಿರುವ ಹತ್ತಿರ ಬರುವ ಅರ್ಥವನ್ನೂ ಅದಕ್ಕೆ ಮರಳಿ ಕೊಟ್ಟರೆ, ಕೋಳಿಮರಿಯ ಭ್ರೂಣದಲ್ಲಿ ನಡೆಯುವುದನ್ನು ಹೇಳಲು ಬೇರೆ ಪದ ಕಟ್ಟಬೇಕಿಲ್ಲ.